ಕಚೇರಿ ಕೇಳಿ ಬೆಳೆದ ಕಿವಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ: ನಿಮಗೆ ಹಿಡಿಸುವ ಕಾಲವನ್ನು ಹುಡುಕುವುದು ಹೇಗೆ

ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ಮೂರು ಗಂಟೆ ಅಲುಗಾಡದೆ ಕೂತು ಕರ್ನಾಟಕ ಸಂಗೀತದ ಕಚೇರಿ ಕೇಳುವವರು ಮನೆಗೆ ಬಂದು ಬೀಥೋವನ್ ಹಾಕಿಕೊಂಡರೆ ಹತ್ತು ನಿಮಿಷಕ್ಕೆ ತೂಕಡಿಸುತ್ತಾರೆ. ಮೈಸೂರಿನಲ್ಲಿ ನನಗೆ ಗೊತ್ತಿರುವ ಎಷ್ಟೋ ಜನರ ಕಥೆ ಇದು. "ಬರೋಕ್ ಅಂತಾರೆ, ರೊಮ್ಯಾಂಟಿಕ್ ಅಂತಾರೆ, ನನಗೆ ಎಲ್ಲ ಒಂದೇ ಥರ ಕೇಳಿಸುತ್ತೆ" ಎನ್ನುವುದು ಸಾಮಾನ್ಯವಾದ ದೂರು. ಬರೋಕ್, ರೊಮ್ಯಾಂಟಿಕ್ ಎಂದರೆ ಆ ಸಂಗೀತದ ಬೇರೆ ಬೇರೆ ಕಾಲಗಳ ಹೆಸರು.

ಇವರ ಕಿವಿ ಚೆನ್ನಾಗೇ ಇದೆ. ಶುರು ಮಾಡುವ ಜಾಗ ತಪ್ಪುತ್ತದೆ. ನಾನು ಶುರು ಮಾಡಿದ್ದು ಬೀಥೋವನ್‌ನ 9ನೇ ಸಿಂಫನಿಯಿಂದ. ದೊಡ್ಡ ವಾದ್ಯವೃಂದ ನುಡಿಸುವ, ಒಂದು ಗಂಟೆಗೂ ಮೀರಿದ ಕೃತಿ ಅದು. ಹೆಸರುವಾಸಿಯಾದ ಹಾಡು ಬರುವುದು ಕೊನೆಯ ಭಾಗದಲ್ಲಿ. ಅದು ಗೊತ್ತಿಲ್ಲದೆ ಅರ್ಧ ಗಂಟೆ ಹಾಡಿಗೆ ಕಾದು ಮಲಗಿಬಿಟ್ಟೆ. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಕೆಳಗಿನ ಹಂತಗಳಿಗೆ ಸುಮಾರು ಎರಡು ತಿಂಗಳು ಬೇಕು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ, ಮುಖ್ಯವಾಗಿ ಮೂರನೆಯದನ್ನು.

ಶುರುವಿಗೆ ಮುಂಚೆ: ಏನೇನು ಬೇಕು

ಒಂದು ಸಾಧಾರಣ ಹೆಡ್‌ಫೋನ್ ಅಥವಾ ಇಯರ್‌ಫೋನ್. ದುಬಾರಿಯದೇ ಬೇಕಿಲ್ಲ. ಆದರೆ ಮೊಬೈಲಿನ ಸ್ಪೀಕರ್ ಬೇಡವೇ ಬೇಡ. ಈ ಸಂಗೀತದ ಬುಡ ಇರುವುದು ಕೆಳಗಿನ ದಪ್ಪ ಸ್ವರಗಳಲ್ಲಿ, ಅಂದರೆ ಪಿಟೀಲಿನ ಥರದ ದೊಡ್ಡ ವಾದ್ಯಗಳಾದ ಚೆಲ್ಲೋದಲ್ಲಿ, ಡಬಲ್ ಬಾಸ್‌ನಲ್ಲಿ, ಪಿಯಾನೋದ ಎಡಗೈಯಲ್ಲಿ. ಮೊಬೈಲ್ ಸ್ಪೀಕರಿನಲ್ಲಿ ಅವು ಹೆಚ್ಚುಕಡಿಮೆ ಮಾಯ. ಮೃದಂಗ, ತಂಬೂರಿ ಎರಡನ್ನೂ ತೆಗೆದು ಬರೀ ಪಿಟೀಲು ಕೇಳಿದ ಹಾಗಾಗುತ್ತದೆ.

ಒಂದು ನೋಟ್‌ಬುಕ್. ಇದನ್ನು ಬಿಟ್ಟವರೇ ಜಾಸ್ತಿ, ಅರ್ಧಕ್ಕೆ ನಿಲ್ಲಿಸಿದವರೂ ಅವರೇ.

ಗಲಾಟೆ ಇಲ್ಲದ ಹೊತ್ತು. ಕಚೇರಿಯಲ್ಲಿ ಧ್ವನಿಯ ಮಟ್ಟ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಇಲ್ಲಿ ಪಿಸುಮಾತಿನಷ್ಟು ಮೆಲ್ಲಗಾಗಿ, ಮರುಕ್ಷಣ ಸಿಡಿಲಿನ ಹಾಗೆ ಬರಬಹುದು. ಮಂಡ್ಯದ ಬಸ್ಸಿನಲ್ಲಿ ಕೂತು ಕೇಳಿದರೆ ಮೆಲ್ಲಗಿನ ಭಾಗವೆಲ್ಲ ಇಂಜಿನ್ ಸದ್ದಿಗೆ ಹೋಗುತ್ತದೆ. ಬೆಳಿಗ್ಗೆ ಕುಕ್ಕರ್ ಕೂಗುವ ಮುಂಚೆ, ಇಲ್ಲವೇ ರಾತ್ರಿ ಟಿವಿ ಆರಿದ ಮೇಲೆ ಕೂರಿ.

ಆ್ಯಪಿನಲ್ಲಿ ಎರಡು ಕೆಲಸ ಮಾಡಿ. ಶಫಲ್ ಆಫ್ ಮಾಡಿ, ಬಾಸ್ ಬೂಸ್ಟ್ ಥರದ್ದು ಏನಿದ್ದರೂ ತೆಗೆಯಿರಿ. ಶಫಲ್ ಇದ್ದರೆ ಒಂದು ಕೃತಿಯ ಮೂರನೇ ಭಾಗ ಮೊದಲು ಬಂದು ಕೂರುತ್ತದೆ. ಚರಣ ಹಾಡಿ ಪಲ್ಲವಿಗೆ ಬಂದ ಹಾಗೆ.

ಹಂತ 1: ಕಿವಿಯ ಹಳೇ ಅಭ್ಯಾಸಗಳನ್ನು ಪಕ್ಕಕ್ಕಿಡಿ

ಕರ್ನಾಟಕ ಸಂಗೀತ ಕೇಳಿದವರು ಎಡವುವುದು ಇಲ್ಲೇ. ಏನೂ ಕೇಳದವರಿಗೆ ಈ ಕಷ್ಟ ಇಲ್ಲ, ಅದೊಂದು ತಮಾಷೆ.

ಮೊದಲನೆಯದು ಷಡ್ಜ. ನಮ್ಮಲ್ಲಿ ತಂಬೂರಿ ಹಿಡಿದ ಷಡ್ಜ ಮಂಗಳದವರೆಗೆ ಕದಲುವುದಿಲ್ಲ. ಅಲ್ಲಿ ಆಧಾರ ಸ್ವರವೇ ನಡುವೆ ಎದ್ದು ಬೇರೆ ಮನೆಗೆ ಹೋಗುತ್ತದೆ, ಅಲ್ಲಿ ಸ್ವಲ್ಪ ಹೊತ್ತು ಇದ್ದು ವಾಪಸ್ ಬರುತ್ತದೆ. ಗ್ರಹಭೇದ (ಷಡ್ಜವನ್ನು ಬೇರೆ ಸ್ವರಕ್ಕೆ ಸರಿಸಿ ಇನ್ನೊಂದು ರಾಗ ತೋರಿಸುವುದು) ಕೇಳಿದ್ದರೆ ಇದರ ಅಂದಾಜು ಸಿಗುತ್ತದೆ. ನಮ್ಮಲ್ಲಿ ಅದು ಯಾವಾಗಲೋ ಒಮ್ಮೆ ಮಾಡುವ ಚಮತ್ಕಾರ, ಅಲ್ಲಿ ದಿನನಿತ್ಯದ ವ್ಯವಹಾರ. ನೀವು ಹಳೇ ಷಡ್ಜವನ್ನೇ ಮನಸ್ಸಿನಲ್ಲಿ ಹಿಡಿದು ಕೂತರೆ ಹೊಸ ಜಾಗದ ಸ್ವರಗಳೆಲ್ಲ ಅಪಸ್ವರ ಅನ್ನಿಸುತ್ತವೆ. ಕೆಲವರು ಶ್ರುತಿ ಸಿಗಲಿ ಎಂದು ಪಕ್ಕದಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡದ್ದೂ ಉಂಟು. ದಯವಿಟ್ಟು ಬೇಡ. ದಾರಿ ತಪ್ಪಿತು ಅನ್ನಿಸಿದಾಗ ಎಲ್ಲಕ್ಕಿಂತ ಕೆಳಗಿನ ಸ್ವರವನ್ನು ಹಿಂಬಾಲಿಸಿ. ಎಲ್ಲಿಗೆ ಹೊರಟಿದ್ದಾರೆ ಎಂದು ಅದೇ ಹೇಳುತ್ತದೆ.

ಎರಡನೆಯದು ತಾಳ. ತೊಡೆ ಮೇಲಿನ ಕೈ ತಾನಾಗೇ ಎದ್ದು ತಾಳ ಹಾಕುತ್ತದೆ ಅಲ್ವಾ? ಅದನ್ನು ಕಟ್ಟಿಹಾಕಿ. ಅಲ್ಲಿ ಅನೇಕ ಕೃತಿಗಳಲ್ಲಿ ವೇಗ ಬೇಕೆಂದೇ ಹಿಗ್ಗುತ್ತದೆ, ಕುಗ್ಗುತ್ತದೆ. ಕೈಯಲ್ಲಿ ತಾಳ ಹಿಡಿದವರಿಗೆ ಅದು ತಾಳ ತಪ್ಪಿದ ಹಾಗೆ ಕೇಳಿಸಿ ಸಿಟ್ಟು ಬರುತ್ತದೆ.

ಮೂರನೆಯದು ರಾಗದ ಹೆಸರು. ಮೇಜರ್ ಸ್ಕೇಲ್ ಎಂದರೆ ಶಂಕರಾಭರಣದ ಸ್ವರಗಳು. ನ್ಯಾಚುರಲ್ ಮೈನರ್ ಎಂದರೆ ನಠಭೈರವಿ. ಹಾರ್ಮೋನಿಕ್ ಮೈನರ್ ಎಂದರೆ ಕೀರವಾಣಿ. ಇಷ್ಟು ತಿಳಿದುಕೊಂಡು ಮರೆತುಬಿಡಿ. "ಓ, ಕೀರವಾಣಿ!" ಎಂದ ತಕ್ಷಣ ಕಿವಿ ಕೆಲಸ ಮುಗಿಯಿತೆಂದು ಎದ್ದು ಹೋಗುತ್ತದೆ. ಅಲ್ಲಿರುವುದು ಸ್ವರಗಳು ಮಾತ್ರ. ರಾಗದ ಸಂಚಾರ, ಗಮಕ ಯಾವುದೂ ಇಲ್ಲ.

ಗಮಕ ಇಲ್ಲದ್ದರಿಂದಲೇ ಮೊದಮೊದಲು ಎಲ್ಲ ಒಣಗಿದ ಹಾಗೆ ಕೇಳಿಸುತ್ತದೆ. ಅಲ್ಲಿನ ರುಚಿ ಒಂದೇ ಹೊತ್ತಿಗೆ ನುಡಿಯುವ ಹಲವು ಸ್ವರಗಳ ನಡುವೆ ಇದೆ. ಅದನ್ನು ಹಿಡಿಯಲು ಒಂದು ಅಭ್ಯಾಸ ಮಾಡಿ. ಐದು ನಿಮಿಷದೊಳಗಿನ ಪಿಯಾನೋ ಕೃತಿ ಒಂದನ್ನು ಮೂರು ಸಲ ಕೇಳಿ. ಮೊದಲ ಸಲ ಮೇಲಿನ ಧಾಟಿ ಮಾತ್ರ. ಎರಡನೇ ಸಲ ಅದನ್ನು ಬಿಟ್ಟು ಎಡಗೈಯ ಕೆಳಗಿನ ಸ್ವರ ಮಾತ್ರ. ಮೂರನೇ ಸಲ ಎರಡೂ. ಮೂರನೇ ಸಲಕ್ಕೆ ಅದು ಬೇರೆಯೇ ಕೃತಿ ಅನ್ನಿಸಿದರೆ ಈ ಹಂತ ಮುಗಿಯಿತು. ಅನ್ನಿಸದಿದ್ದರೆ ಇನ್ನೊಂದು ವಾರ ಇದನ್ನೇ ಮಾಡಿ, ಮುಂದೆ ಹೋಗಬೇಡಿ.

ಹಂತ 2: ಕೃತಿಯ ಹೆಸರು ಓದಲು ಕಲಿಯಿರಿ

ನಮ್ಮಲ್ಲಿ ಸಾಹಿತ್ಯದ ಮೊದಲ ಸಾಲೇ ಹೆಸರು. ಅಲ್ಲಿ ಸಾಹಿತ್ಯವಿಲ್ಲದ ಕೃತಿಗಳೇ ಹೆಚ್ಚು, ಆದ್ದರಿಂದ ಪ್ರಕಾರ, ಸಂಖ್ಯೆ, ಆಧಾರ ಸ್ವರ, ಪಟ್ಟಿಯ ಸಂಖ್ಯೆ ಸೇರಿ ಹೆಸರಾಗುತ್ತದೆ. ಪಟ್ಟಿಯ ಸಂಖ್ಯೆ ಮುಖ್ಯ. ಸಾಮಾನ್ಯವಾಗಿ ಅದನ್ನು ಓಪಸ್ ಎನ್ನುತ್ತಾರೆ. ಬಾಖ್‌ಗೆ ಬಿಡಬ್ಲ್ಯುವಿ (BWV), ಮೊಝಾರ್ಟ್‌ಗೆ ಕೆ, ಶೂಬರ್ಟ್‌ಗೆ ಡಿ. ಹುಡುಕುವಾಗ ಈ ಸಂಖ್ಯೆ ಹಾಕಿದರೆ ಸರಿಯಾದದ್ದೇ ಸಿಗುತ್ತದೆ. ಹೇಡನ್ ಒಬ್ಬನದೇ ಸಂಖ್ಯೆ ಕೊಟ್ಟ ಸಿಂಫನಿಗಳು 104 ಇವೆ. ಸುಮ್ನೆ "ಹೇಡನ್ ಸಿಂಫನಿ" ಎಂದು ಹುಡುಕಿದರೆ ಏನು ಸಿಗಬೇಕು ಹೇಳಿ.

ಒಂದು ಕೃತಿಯಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಭಾಗಗಳಿರುತ್ತವೆ. ಅವಕ್ಕೆ ಮೂವ್‌ಮೆಂಟ್ ಎನ್ನುತ್ತಾರೆ. ಅಲೆಗ್ರೋ, ಅಡಾಜಿಯೋ ಎಂದು ಬರೆದಿರುವುದು ರಾಗದ ಹೆಸರಲ್ಲ, ವೇಗದ ಸೂಚನೆ.

ಇನ್ನೊಂದು ಗೊಂದಲ ಇದೆ. ಕ್ಲಾಸಿಕಲ್ ಎಂದರೆ ಈ ಇಡೀ ಸಂಗೀತಕ್ಕೂ ಹೆಸರು, ಅದರೊಳಗಿನ ಒಂದು ಕಾಲಕ್ಕೂ ಅದೇ ಹೆಸರು. ಅಂದಾಜಾಗಿ 1600ರಿಂದ 1750 ಬರೋಕ್. 1750ರಿಂದ 1820 ಕ್ಲಾಸಿಕಲ್. ಅಲ್ಲಿಂದ 1900ರವರೆಗೆ ರೊಮ್ಯಾಂಟಿಕ್. ಆಮೇಲಿನದು ಇಪ್ಪತ್ತನೇ ಶತಮಾನದ ಸಂಗೀತ. ಗೆರೆ ಎಳೆದ ಹಾಗೆ ಕಾಲ ಬದಲಾಗುವುದಿಲ್ಲ, ಗುರುತಿಗೆ ಮಾತ್ರ ಇಟ್ಟುಕೊಳ್ಳಿ.

ತಪ್ಪು ದಾರಿಯ ಸೂಚನೆ: ನಿಮ್ಮ ಪಟ್ಟಿಯಲ್ಲಿ "ನಿದ್ದೆಗೆ", "ಓದುವಾಗ", "ರಿಲ್ಯಾಕ್ಸ್" ಎಂಬ ಹೆಸರಿನ ಸಂಗ್ರಹಗಳು ಸೇರಿಕೊಂಡಿದ್ದರೆ ತೆಗೆದುಹಾಕಿ. ಅವುಗಳಲ್ಲಿ ನಾಲ್ಕೂ ಕಾಲದ ನಿಧಾನದ ಭಾಗಗಳನ್ನು ಆರಿಸಿ ಒಟ್ಟಿಗೆ ಹಾಕಿರುತ್ತಾರೆ. ಎಲ್ಲ ಒಂದೇ ಥರ ಕೇಳಿಸದೆ ಇನ್ನೇನು?

ಹಂತ 3: ನಾಲ್ಕು ಕಾಲ, ನಾಲ್ಕು ತುಣುಕು, ಒಂದೊಂದಕ್ಕೆ ಒಂದು ವಾರ

ಇಸವಿಯ ಪ್ರಕಾರ ಹೋಗಬೇಡಿ. ನನ್ನ ಅನುಭವದಲ್ಲಿ ಕಚೇರಿ ಕಿವಿಗೆ ಸರಿಹೋಗುವ ಕ್ರಮ ಹೀಗಿದೆ: ಬರೋಕ್, ರೊಮ್ಯಾಂಟಿಕ್, ಇಪ್ಪತ್ತನೇ ಶತಮಾನ, ಕಡೆಗೆ ಕ್ಲಾಸಿಕಲ್. ಪ್ರತಿ ತುಣುಕನ್ನೂ ವಾರದಲ್ಲಿ ಕನಿಷ್ಠ ಐದು ಸಲ ಕೇಳಬೇಕು.

ಮೊದಲ ವಾರ, ಬರೋಕ್. ಬಾಖ್‌ನ ಮೊದಲನೇ ಚೆಲ್ಲೋ ಸ್ವೀಟ್‌ನ ಪ್ರೆಲ್ಯೂಡ್, ಬಿಡಬ್ಲ್ಯುವಿ 1007. ಸ್ವೀಟ್ (suite) ಎಂದರೆ ತುಣುಕುಗಳ ಮಾಲೆ, ಪ್ರೆಲ್ಯೂಡ್ ಅದರ ಆರಂಭದ ತುಣುಕು. ಸುಮಾರು ಎರಡೂವರೆ ನಿಮಿಷ. ಒಂದೇ ವಾದ್ಯ. ನಡುವೆ ಒಂದು ಚಿಕ್ಕ ತಂಗು ಬಿಟ್ಟರೆ ಸ್ವರಗಳು ಒಂದೇ ಸಮ ಹರಿಯುತ್ತವೆ. ವೀಣೆಯ ತಾನ ಕೇಳಿದವರಿಗೆ ಇದು ನೆಂಟರ ಮನೆ. ಕೊನೆಯ ಕಡೆ ಒಂದು ಸ್ವರ ಶ್ರುತಿಯ ಹಾಗೆ ಮತ್ತೆ ಮತ್ತೆ ಮೊಳಗುತ್ತಿರುತ್ತದೆ, ಅದರ ಮೇಲೆ ಇನ್ನೊಂದು ಎಳೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಅದು ಕೇಳಿಸುವವರೆಗೆ ಕೇಳಿ. ಈ ಕಾಲದ ಗುರುತು ಇದೇ: ಒಂದು ನಡೆ ಹಿಡಿದರೆ ಅದೇ ನಡೆ, ಒಂದು ಭಾವ ಹಿಡಿದರೆ ಅದೇ ಭಾವ. ವಾದ್ಯಗಳ ಗುಂಪು ನುಡಿಸುವ ಬರೋಕ್‌ನಲ್ಲಿ ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯ ಕಿಣಿಕಿಣಿ ಎನ್ನುತ್ತಿರುತ್ತದೆ. ಪಿಯಾನೋದಲ್ಲಿ ತಂತಿಗೆ ಸುತ್ತಿಗೆ ಬಡಿಯುತ್ತದೆ, ಇದರಲ್ಲಿ ತಂತಿ ಮೀಟುತ್ತದೆ. ಆ ಸದ್ದು ಕೇಳಿದರೆ ಕಣ್ಣು ಮುಚ್ಚಿ ಬರೋಕ್ ಎನ್ನಿ, ತಪ್ಪುವುದು ಅಪರೂಪ.

ಎರಡನೇ ವಾರ, ರೊಮ್ಯಾಂಟಿಕ್. ಶೋಪಾನ್‌ನ ನಾಕ್ಟರ್ನ್, ಓಪಸ್ 9, ಸಂಖ್ಯೆ 2. ನಾಲ್ಕೂವರೆ ನಿಮಿಷದ ಪಿಯಾನೋ ಕೃತಿ. ಧಾಟಿ ಒಂದೇ, ಮರಳಿ ಬಂದಾಗೆಲ್ಲ ಇನ್ನಷ್ಟು ಒಡವೆ ತೊಟ್ಟು ಬರುತ್ತದೆ. ಒಂದೇ ಸಾಲನ್ನು ಬೆಳೆಸುತ್ತಾ ಹಾಡುವ ನಮ್ಮ ಸಂಗತಿಗಳೇ! ಹೋದ ಸಲಕ್ಕೂ ಈ ಸಲಕ್ಕೂ ಏನು ಸೇರಿತು ಎಂದು ಗಮನಿಸಿ. ತಾಳ ಹಿಡಿಯಬೇಡಿ ಎಂದಿದ್ದು ಮುಖ್ಯವಾಗಿ ಇಲ್ಲಿಗೇ. ಬಲಗೈ ತಡವಾಗಿ ಬರುತ್ತದೆ, ಎಳೆಯುತ್ತದೆ, ಮತ್ತೆ ಓಡಿ ಸೇರಿಕೊಳ್ಳುತ್ತದೆ. ಅದೇ ಇದರ ರಸ.

ಮೂರನೇ ವಾರ, ಇಪ್ಪತ್ತನೇ ಶತಮಾನ. ಬಾರ್ಟೋಕ್‌ನ ರೊಮೇನಿಯನ್ ಜನಪದ ಕುಣಿತಗಳು, 1915ರದು. ಆರು ಪುಟ್ಟ ತುಣುಕು, ಎಲ್ಲ ಸೇರಿ ಏಳು ನಿಮಿಷದೊಳಗೆ ಮುಗಿಯುತ್ತದೆ. ಪಿಟೀಲು ಪಿಯಾನೋ ಜೋಡಿಯ ರೂಪ ಹುಡುಕಿ. ಮೂರನೆಯದರಲ್ಲಿ ಕೆಳಗೆ ಶ್ರುತಿ ಹಿಡಿದ ಹಾಗಿರುತ್ತದೆ, ಮೇಲೆ ಎಲ್ಲೋ ಕೇಳಿದ ರಾಗದ ನೆರಳು. ಹೊಸ ಸಂಗೀತ ಎಂದರೆ ಬರೀ ಕರ್ಕಶ ಎಂದು ಹೆದರಿದವರಿಗೆ ಇದು ಒಳ್ಳೇ ಬಾಗಿಲು.

ನಾಲ್ಕನೇ ವಾರ, ಕ್ಲಾಸಿಕಲ್. ಹೇಡನ್‌ನ 94ನೇ ಸಿಂಫನಿಯ ಎರಡನೇ ಭಾಗ, ಸುಮಾರು ಆರು ನಿಮಿಷ. ಇದನ್ನು ಕಡೆಗೆ ಇಟ್ಟದ್ದಕ್ಕೆ ಕಾರಣ ಇದೆ. ಮೊದಲೇ ಕೇಳಿದರೆ ನಮ್ಮವರು "ಇದೇನು, ಸರಳೆ ವರಸೆ ಥರ ಇದೆ" ಎನ್ನುತ್ತಾರೆ. ಧಾಟಿ ಅಷ್ಟು ಸರಳ. ಇಲ್ಲಿನ ಆಟ ಇರುವುದು ಕೇಳುಗರು ಏನನ್ನು ನಿರೀಕ್ಷಿಸುತ್ತಾರೋ ಅದನ್ನು ತಪ್ಪಿಸುವುದರಲ್ಲಿ. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ ಎಂದು ಸಾಲುಗಳು ಅಚ್ಚುಕಟ್ಟಾಗಿ ನಡೆಯುತ್ತಿರುತ್ತವೆ, ಸದ್ದು ತೀರಾ ಮೆಲ್ಲಗಾಗುತ್ತದೆ, ಆಗ... ಹೇಳುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಮೆಲ್ಲಗಾಯಿತು ಎಂದು ವಾಲ್ಯೂಮ್ ಏರಿಸಬೇಡಿ, ಕಿವಿಗೆ ಪೆಟ್ಟು. ಆಮೇಲೆ ಅದೇ ಧಾಟಿಯನ್ನು ಬೇರೆ ಬೇರೆ ಉಡುಪಿನಲ್ಲಿ ತರುತ್ತಾನೆ, ಒಮ್ಮೆ ಮೈನರ್‌ಗೂ ತಿರುಗಿಸುತ್ತಾನೆ. ಮೂರು ವಾರ ಬೇರೆಯದನ್ನು ಕೇಳಿ ಬಂದ ಕಿವಿಗೆ ಇದೆಲ್ಲ ಕಾಣುತ್ತದೆ.

ಬರೋಕ್‌ಗಿಂತ ಹಿಂದಿನದು, ಅಂದರೆ ವಾದ್ಯಗಳಿಲ್ಲದ ಚರ್ಚ್ ಗಾಯನ, ಇವತ್ತಿಗೆ ಬೇಡ. ಆರನೇ ಹಂತದಲ್ಲಿ ನೋಡೋಣ.

ಹಂತ 4: ಮೂರು ಸಾಲು ಬರೆಯಿರಿ

ಪ್ರತಿ ಸಲ ಕೇಳಿದ ಮೇಲೆ ಮೂರೇ ಸಾಲು. ಕಿವಿ ಎಚ್ಚರವಾದದ್ದು ಎಷ್ಟನೇ ನಿಮಿಷದಲ್ಲಿ? ಆಗ ಏನು ನಡೆಯುತ್ತಿತ್ತು? ಬೇಜಾರಾದದ್ದು ಎಲ್ಲಿ? "ಚೆನ್ನಾಗಿತ್ತು" ಎಂದು ಬರೆದರೆ ಲೆಕ್ಕಕ್ಕಿಲ್ಲ.

ನನ್ನ ಹಳೇ ಪುಸ್ತಕದಲ್ಲಿ ಹೀಗಿದೆ: "ಶೋಪಾನ್, 4ನೇ ದಿನ. ಎಡಗೈ ಒಂದೇ ಥರ, ನಿದ್ದೆ. ಕೊನೆಯ ಅರ್ಧ ನಿಮಿಷ ಮೇಲೆ ಹಾರಿ ಕೆಳಗೆ ಇಳಿಯುವ ಜಾಗ ಎರಡು ಸಲ ಹಾಕಿಕೊಂಡೆ." ಇಂಥ ಸಾಲುಗಳು ಇಪ್ಪತ್ತಾದಾಗ ನಿಮ್ಮ ರುಚಿ ತಾನಾಗೇ ಹೊರಗೆ ಬರುತ್ತದೆ. ಒಬ್ಬರಿಗೆ ಎಲ್ಲ ಕಾಲದಲ್ಲೂ ಒಂಟಿ ವಾದ್ಯವೇ ಹಿಡಿಸಿರುತ್ತದೆ. ಇನ್ನೊಬ್ಬರಿಗೆ ದೊಡ್ಡ ಸದ್ದು, ಮತ್ತೊಬ್ಬರಿಗೆ ದಪ್ಪ ಸ್ವರ. ರುಚಿ ಕಾಲಕ್ಕೆ ಅಂಟಿಕೊಂಡಿದೆಯೋ, ವಾದ್ಯಕ್ಕೋ ಎಂದು ಇಲ್ಲಿ ಗೊತ್ತಾಗಬೇಕು. ಅನೇಕರು "ನನಗೆ ಬರೋಕ್ ಇಷ್ಟ" ಎಂದುಕೊಂಡಿರುತ್ತಾರೆ. ಪುಸ್ತಕ ತೆರೆದರೆ ಇಷ್ಟ ಆಗಿರುವುದು ಚೆಲ್ಲೋ.

ಎಚ್ಚರಿಕೆಯ ಸೂಚನೆ: ನೀವು ಬರೆದದ್ದರಲ್ಲಿ ಇಷ್ಟವಿಲ್ಲ ಎಂಬ ಸಾಲು ಒಂದೂ ಇಲ್ಲವೇ? ಹಾಗಾದರೆ ದೊಡ್ಡ ಹೆಸರಿಗೆ ಹೆದರಿ ಬರೆಯುತ್ತಿದ್ದೀರಿ. ಕಚೇರಿಯಿಂದ ಹೊರಗೆ ಬಂದು ಮೆಟ್ಟಿಲ ಮೇಲೇ "ಇವತ್ತು ಮೃದಂಗದ ತನಿ ಸಪ್ಪೆ" ಎನ್ನುವವರು ನೀವು. ಇಲ್ಲೇಕೆ ಸಂಕೋಚ?

ಹಂತ 5: ತಳ್ಳಿಹಾಕುವ ಮೊದಲು ನುಡಿಸಿದವರನ್ನು ಬದಲಿಸಿ

ಒಂದೇ ಕೃತಿಯನ್ನು ಇಬ್ಬರು ವಿದ್ವಾಂಸರು ಹಾಡಿದರೆ ಎಷ್ಟು ಬೇರೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆದರೂ ಇಲ್ಲಿ ಮೊದಲು ಸಿಕ್ಕ ರೆಕಾರ್ಡಿಂಗ್ ಕೇಳಿ ಕೃತಿಯನ್ನೇ ಬೈಯುತ್ತೇವೆ.

ಗ್ಲೆನ್ ಗೂಲ್ಡ್ ಎಂಬ ಪಿಯಾನೋ ವಾದಕ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನು ಎರಡು ಸಲ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ. 1955ರದ್ದು ಸುಮಾರು 38 ನಿಮಿಷ. 1981ರದ್ದು ಸುಮಾರು 51 ನಿಮಿಷ. ಅದೇ ಮನುಷ್ಯ, ಅದೇ ಕೃತಿ. ಎರಡರ ಮೊದಲ ಐದು ನಿಮಿಷ ಒಂದರ ಹಿಂದೆ ಒಂದು ಹಾಕಿ ನೋಡಿ. ಇದೇ ಕೃತಿಯನ್ನು ಹಾರ್ಪ್ಸಿಕಾರ್ಡಿನಲ್ಲೂ ಒಮ್ಮೆ ಕೇಳಿ, ಏಕೆಂದರೆ ಬಾಖ್ ಬರೆದದ್ದು ಆ ವಾದ್ಯಕ್ಕೆ.

ನಿಯಮ ಇಷ್ಟೇ: ಮೂರು ಬೇರೆ ಬೇರೆ ರೆಕಾರ್ಡಿಂಗ್ ಕೇಳದೆ ಯಾವ ಕೃತಿಯನ್ನೂ ಪಟ್ಟಿಯಿಂದ ಹೊಡೆಯಬೇಡಿ. ಮೂರಾದ ಮೇಲೂ ಸೇರದಿದ್ದರೆ ಧಾರಾಳವಾಗಿ ಹೊಡೆಯಿರಿ.

ಹಂತ 6: ಹಿಡಿಸಿದ ಜಾಗದಿಂದ ಮುಂದಕ್ಕೆ

ಈಗ ನಿಮ್ಮ ಪುಸ್ತಕ ನೋಡಿಕೊಂಡು ದಾರಿ ಆರಿಸಿ. ಎರಡು ದಾರಿಗಿಂತ ಹೆಚ್ಚು ಬೇಡ.

ಬಾಖ್‌ನ ಒಂಟಿ ಎಳೆ ಹಿಡಿಸಿದ್ದರೆ ಅವನದೇ ಎರಡನೇ ಪಿಟೀಲು ಪಾರ್ಟೀಟಾದ (ಇದೂ ತುಣುಕುಗಳ ಮಾಲೆಯೇ) ಶಕೋನ್ ಎಂಬ ತುಣುಕು ಕೇಳಿ. ಸುಮಾರು ಹದಿನೈದು ನಿಮಿಷ, ಒಂದೇ ಪಿಟೀಲು. ಕೆಳಗೆ ಚಿಕ್ಕದೊಂದು ಆಧಾರ ಸುತ್ತುತ್ತಲೇ ಇರುತ್ತದೆ, ಮೇಲೆ ಹೊಸದು ಹೊಸದು ಬರುತ್ತಲೇ ಇರುತ್ತದೆ. ಹಲವು ಎಳೆ ಸೇರಿದ ಸೊಗಸು ಬೇಕೆಂದರೆ ಮೂರನೇ ಬ್ರಾಂಡನ್‌ಬರ್ಗ್ ಕನ್ಚೆರ್ಟೊ. ಅದೂ ಹಿಡಿಸಿದರೆ ಆಗ ಹಿಂದಕ್ಕೆ, ಚರ್ಚ್ ಗಾಯನ ಬರೆದ ಹದಿನಾರನೇ ಶತಮಾನದ ಪಾಲೆಸ್ಟ್ರೀನಾಗೆ ಹೋಗಿ. ಕಂಠಗಳು ಮಾತ್ರ.

ಶೋಪಾನ್ ಹಿಡಿಸಿದ್ದರೆ ಬ್ರಾಮ್ಸ್‌ನ ಇಂಟರ್ಮೆಝೊ, ಓಪಸ್ 118, ಸಂಖ್ಯೆ 2. ಆಮೇಲೆ ಡ್ವೊರ್ಜಾಕ್‌ನ 9ನೇ ಸಿಂಫನಿಯ ಎರಡನೇ ಭಾಗ. ಅಲ್ಲಿ ಕಾರ್ ಆಂಗ್ಲೇ ಎಂಬ ಊದುವ ವಾದ್ಯ ಎತ್ತುವ ಧಾಟಿ ಶುರುವಾಗುವುದೇ ಗ ಪ ಪ, ಗ ರಿ ಸ ಎಂದು. ಮೋಹನದ ಸ್ವರಗಳು! ಮೋಹನ ರಾಗ ಅಲ್ಲ, ಆದರೂ ಮೊದಲ ಸಲ ಕೇಳಿದಾಗ ಯಾರೋ ಊರಿನವರು ಸಿಕ್ಕ ಹಾಗಾಯಿತು.

ಬಾರ್ಟೋಕ್ ಹಿಡಿಸಿದವರು ಲಯದವರು ಎಂದು ನನ್ನ ಗುಮಾನಿ. ಸ್ಟ್ರಾವಿನ್ಸ್ಕಿಯ 'ರೈಟ್ ಆಫ್ ಸ್ಪ್ರಿಂಗ್' ನಿಮಗಾಗಿ ಕಾದಿದೆ, 1913ರದು. ಮುಂದೆ ಮೆಸ್ಸಿಯಾನ್ ಎಂಬ ಫ್ರಾನ್ಸಿನವನು ನಮ್ಮ ಶಾರ್ಙ್ಗದೇವನ ಹಳೇ ಶಾಸ್ತ್ರಗ್ರಂಥ 'ಸಂಗೀತರತ್ನಾಕರ'ದ ದೇಶೀ ತಾಳಗಳನ್ನು ತನ್ನ ಕೃತಿಗಳಲ್ಲಿ ಬಳಸಿದ್ದಾನೆ. ಲಯ ಬೇಡ, ಬಣ್ಣ ಬೇಕು ಎನ್ನುವವರು ಡೆಬ್ಯುಸಿ ಕಡೆ ತಿರುಗಿ.

ಹೇಡನ್ ಹಿಡಿಸಿದ್ದರೆ ಮೊಝಾರ್ಟ್‌ನ 25ನೇ ಸಿಂಫನಿಯ ಮೊದಲ ಭಾಗ. ಕೇಳಿದ ತಕ್ಷಣ ನಗು ಬರುತ್ತದೆ, ಟೈಟಾನ್ ವಾಚಿನ ಜಾಹೀರಾತಿನ ಸಂಗೀತ ಅಲ್ಲಿಂದಲೇ ಬಂದದ್ದು. ಮಂಡ್ಯದ ನಮ್ಮ ಸೋದರಮಾವ ಒಮ್ಮೆ ಮನೆಗೆ ಬಂದಾಗ ಇದು ಓಡುತ್ತಿತ್ತು. ಐದು ನಿಮಿಷ ಸುಮ್ಮನಿದ್ದರು. ಆಮೇಲೆ, "ಏನೋ ಇದು, ವಾಚಿನ ಜಾಹೀರಾತು ಮುಗಿಯೋದೇ ಇಲ್ವಲ್ಲೋ" ಅಂದರು. ಅಲ್ಲಿಂದ ಬೀಥೋವನ್‌ನ 5ನೇ ಸಿಂಫನಿಯ ಮೊದಲ ಭಾಗಕ್ಕೆ ಹೋಗಿ. ನಾಲ್ಕೇ ಸ್ವರದ ಒಂದು ಗುಂಪು ಹಿಡಿದು ಏಳೆಂಟು ನಿಮಿಷ ಕಟ್ಟುತ್ತಾನೆ. ಎಲ್ಲೆಲ್ಲಿ ಆ ಗುಂಪು ಅಡಗಿದೆ ಎಂದು ಎಣಿಸುತ್ತಾ ಕೂರಿ.

ಹಂತ 7: ದೊಡ್ಡ ಕೃತಿ, ಆಮೇಲೆ ಎದುರಿಗೆ ಕೂತು ಕೇಳುವುದು

ಇಡೀ ಸಿಂಫನಿಗೆ ಈಗ ಕೈ ಹಾಕಬಹುದು. ದಿನಕ್ಕೆ ಒಂದು ಭಾಗ ಕೇಳಿ, ಐದನೇ ದಿನ ಒಟ್ಟಿಗೆ. ಮೊದಲ ದಿನವೇ ಪೂರ್ತಿ ಕೇಳುವ ಹಟ ಬೇಡ, ನನ್ನ ಗತಿ ಹೇಳಿದೆನಲ್ಲ.

ಮೈಸೂರಿನಲ್ಲಿ ಪೂರ್ತಿ ಆರ್ಕೆಸ್ಟ್ರಾ ಎದುರಿಗೆ ಸಿಗುವುದು ಕಷ್ಟ. ಸಿಗುವುದನ್ನು ಬಳಸಿಕೊಳ್ಳಿ. ದಸರಾ ಹೊತ್ತಿಗೆ ಅರಮನೆ ಆವರಣದಲ್ಲಿ ಪೊಲೀಸ್ ಬ್ಯಾಂಡ್ ಕೇಳಿ. ಅಲ್ಲಿ ಕ್ಲಾರಿನೆಟ್, ಟ್ರಂಪೆಟ್, ಟ್ರೊಂಬೋನ್ ಯಾವುದರ ಸದ್ದು ಹೇಗೆ ಎಂದು ಕಣ್ಣಾರೆ ನೋಡಿ ಕಲಿಯಬಹುದು. ಡಿಸೆಂಬರಿನಲ್ಲಿ ಸಂತ ಫಿಲೋಮಿನಾ ಚರ್ಚಿನ ಕಡೆ ಹೋದಾಗ ಕ್ವೈರ್ ಹಾಡುತ್ತಿದ್ದರೆ ನಿಂತು ಕೆಳಗಿನ ಗಂಡು ಧ್ವನಿಯನ್ನು ಮಾತ್ರ ಹಿಂಬಾಲಿಸಿ. ಮೊದಲ ಹಂತದ ಅಭ್ಯಾಸವೇ, ಈ ಸಲ ಎದುರಿಗೆ.

ಬೆಂಗಳೂರಿಗೋ ಇನ್ನೆಲ್ಲಿಗೋ ಕಚೇರಿಗೆ ಹೋದರೆ ಒಂದು ಮಾತು: ಭಾಗ ಮುಗಿದ ಕೂಡಲೇ ಚಪ್ಪಾಳೆ ಹೊಡೆಯುವುದಿಲ್ಲ, ಇಡೀ ಕೃತಿ ಮುಗಿದ ಮೇಲೆ ಮಾತ್ರ. "ಭೇಷ್" ಕೂಡ ಒಳಗೇ ಇರಲಿ. ನಮಗೆ ಇದೇ ಎಲ್ಲಕ್ಕಿಂತ ಕಷ್ಟ.

ನಿಮ್ಮ ಪುಸ್ತಕ ಯಾವ ಕಾಲಕ್ಕೂ ಹೊಂದದಿದ್ದರೆ

ಕೆಲವರಿಗೆ ಎಂಟು ವಾರ ಆದರೂ ಪಟ್ಟಿ ಚೆಲ್ಲಾಪಿಲ್ಲಿಯಾಗೇ ಇರುತ್ತದೆ. ಇಲ್ಲಿಂದ ಒಂದು, ಅಲ್ಲಿಂದ ಒಂದು. ಇದು ತಪ್ಪೇನಲ್ಲ. ಇಸವಿಗೂ ಶೈಲಿಗೂ ಯಾವಾಗಲೂ ತಾಳೆಯಾಗುವುದಿಲ್ಲ.

ನಮ್ಮ ಊರಿನಲ್ಲೇ ಉದಾಹರಣೆ ಇದೆ. ಜಯಚಾಮರಾಜ ಒಡೆಯರ್ ಅವರಿಗೆ ತುಂಬಾ ಹಿಡಿಸಿದವನು ರಷ್ಯಾದ ಸಂಗೀತಕಾರ ಮೆಡ್ಟ್ನರ್. ಅವನು 1951ರವರೆಗೆ ಬದುಕಿದ್ದ, ಬರೆದದ್ದು ಮಾತ್ರ ರೊಮ್ಯಾಂಟಿಕ್ ಶೈಲಿಯಲ್ಲಿ. ಆಗ ಅದು ಫ್ಯಾಷನ್ ಆಗಿರಲಿಲ್ಲ. ಮಹಾರಾಜರು ಅವನ ಕೃತಿಗಳ ರೆಕಾರ್ಡಿಂಗಿಗೆ ಹಣ ಕೊಟ್ಟರು, ಅವನು ತನ್ನ ಮೂರನೇ ಪಿಯಾನೋ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳೂ ಹೀಗೇ, 1948ರಲ್ಲಿ ಬರೆದ ರೊಮ್ಯಾಂಟಿಕ್ ಸಂಗೀತ. 1950ರ ಮೇ 22ರಂದು ಲಂಡನ್ನಿನಲ್ಲಿ ಅವುಗಳ ಮೊದಲ ಪ್ರದರ್ಶನ ನಡೆದದ್ದು ಇದೇ ಮಹಾರಾಜರ ಹಣದ ಭರವಸೆಯಿಂದ. ಅವರಿಗೆ ಹೋಗಲಾಗಲಿಲ್ಲ. ಅದರ ರೆಕಾರ್ಡಿಂಗ್ ಮೈಸೂರಿಗೆ ಬಂತು.

ಎಂಟನೇ ವಾರಕ್ಕೆ ಆ ನಾಲ್ಕರಲ್ಲಿ ಮೂರನೆಯದನ್ನು ಇಟ್ಟುಕೊಳ್ಳಿ. ಹಾಡಿನ ನಡುವೆ ಕಂಠ ನಿಂತು ಪಿಟೀಲು ಒಂಟಿಯಾಗಿ ಮೇಲೇರುವ ಜಾಗ ಬರುತ್ತದೆ. ಅಲ್ಲಿ ಎಷ್ಟನೇ ನಿಮಿಷ ಎಂದು ಬರೆದುಕೊಳ್ಳಿ.